ಮೇವಿನ ಪರೀಕ್ಷಾ ವರದಿಯನ್ನು ಓದುವ ಬಗೆ

ಮೇವು ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಮೂಸುತ್ತೇವೆ, ಕೈಯಲ್ಲಿ ಮುರಿದು ನೋಡುತ್ತೇವೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಹುಲ್ಲಿನೊಳಗೆ ನೀರೆಷ್ಟು, ಸತ್ವವೆಷ್ಟು ಎಂಬುದು ಕಣ್ಣಿಗೆ ಕಾಣದು. ಅದನ್ನು ಹೇಳುವುದು ಪ್ರಯೋಗಶಾಲೆಯ ವರದಿ. ಆ ಕಾಗದ ಬಂದಾಗ "ಬರೀ ಅಂಕಿ ಐತಲ್ಲಪ್ಪಾ" ಎಂದು ಸೂರಿಗೆ ಸಿಕ್ಕಿಸಬೇಡಿ. ನಾಲ್ಕು ಸಾಲು ಓದಿಕೊಂಡರೆ ಸಾಕು.

ಮೊದಲನೆಯದು ಒಣ ಅಂಶ. ನೀರೆಲ್ಲ ಆರಿದ ಮೇಲೆ ಉಳಿಯುವ ತೂಕವೇ ಇದು. ರಾಗಿ ಹುಲ್ಲಿನಲ್ಲಿ ಶೇಕಡಾ 90ರ ಸುಮಾರು, ಹಸಿ ನೇಪಿಯರ್ ಹುಲ್ಲಿನಲ್ಲಿ 20ರ ಸುಮಾರು ಇರುತ್ತದೆ. ಅಂದರೆ 100 ಕಿಲೋ ನೇಪಿಯರ್ ತಂದರೆ 80 ಕಿಲೋ ನೀರನ್ನೇ ಹೊತ್ತು ತಂದಂತೆ. ಹಸಿ ಮೇವಿಗೆ ಕಿಲೋಗೆ 3 ರೂಪಾಯಿ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಒಣ ಅಂಶದ ಲೆಕ್ಕದಲ್ಲಿ ಅದು 15 ರೂಪಾಯಿ ಆಯಿತು. ಎರಡು ಮೇವುಗಳ ಬೆಲೆಯನ್ನು ಹೋಲಿಸುವಾಗ ಈ ಲೆಕ್ಕವನ್ನೇ ಹಿಡಿಯಿರಿ. ಒಣಹುಲ್ಲಿನಲ್ಲಿ ಒಣ ಅಂಶ 85ಕ್ಕಿಂತ ಕಡಿಮೆಯಿದ್ದರೆ ಬಣವೆ ಒಟ್ಟಬೇಡಿ, ಇನ್ನೂ ಒಣಗಿಸಿ. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಎರಡನೆಯದು ಕಚ್ಚಾ ಸಸಾರಜನಕ, ಅಂದರೆ ಪ್ರೋಟೀನು. ಇದಕ್ಕೆ ಎರಡು ಅಂಕಿ ಕೊಟ್ಟಿದ್ದರೆ 'ಒಣ ತೂಕದ ಮೇಲೆ' ಎಂದಿರುವುದನ್ನೇ ನೋಡಿ. ರಾಗಿ ಹುಲ್ಲು, ಭತ್ತದ ಹುಲ್ಲುಗಳಲ್ಲಿ ಇದು 3ರಿಂದ 4. ನೇಪಿಯರಿನಲ್ಲಿ 8ರ ಸುಮಾರು. ಅಲಸಂದೆಯಲ್ಲಿ 16ರ ಸುಮಾರು.

ಇಲ್ಲಿ 7 ಎಂಬ ಅಂಕಿಯನ್ನು ನೆನಪಿಡಿ. ಹುಲ್ಲನ್ನು ಅರಗಿಸುವುದು ದನದ ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳು. ಒಟ್ಟು ಆಹಾರದಲ್ಲಿ ಪ್ರೋಟೀನು ಶೇಕಡಾ 7ಕ್ಕಿಂತ ಇಳಿದರೆ ಅವು ಸೊರಗುತ್ತವೆ. ಹುಲ್ಲು ಹೊಟ್ಟೆಯಲ್ಲೇ ನಿಲ್ಲುತ್ತದೆ, ದನ ತಿನ್ನುವುದು ಕಡಿಮೆಯಾಗುತ್ತದೆ. ಗೋದಲಿ ತುಂಬ ಹುಲ್ಲಿದ್ದರೂ ಹಸು ಬಡವಾಗುವುದು ಹೀಗೆಯೇ.

ಒಂದು ಲೆಕ್ಕ ಹಾಕೋಣ. 400 ಕಿಲೋ ತೂಗುವ ಹಸು ದಿನಕ್ಕೆ ಸುಮಾರು 10 ಕಿಲೋ ಒಣ ಅಂಶ ತಿನ್ನುತ್ತದೆ. ಬರೀ ರಾಗಿ ಹುಲ್ಲಾದರೆ ಅದಕ್ಕೆ ಸಿಗುವ ಪ್ರೋಟೀನು 350 ಗ್ರಾಂ; ಅಂದರೆ ಶೇಕಡಾ ಮೂರೂವರೆ. ಅದರ ಬದಲು 8 ಕಿಲೋ ರಾಗಿ ಹುಲ್ಲು, 20 ಕಿಲೋ ಹಸಿ ಅಲಸಂದೆ ಸೇರಿಸಿ ಕತ್ತರಿಸಿ ಹಾಕಿದರೆ 700 ಗ್ರಾಂ ದಾಟುತ್ತದೆ. 7ರ ಗೆರೆ ಮುಟ್ಟಿದಂತಾಯಿತು. ಇದು ಹಸುವಿನ ಮೈ ನಿಲ್ಲಲು ಮಾತ್ರ. ಹಾಲಿಗೆ ಹಿಂಡಿ, ಬೂಸ ಬೇರೆಯೇ ಬೇಕು. ಅಲಸಂದೆಯೊಂದನ್ನೇ ಹೊಟ್ಟೆ ತುಂಬ ಹಾಕಬೇಡಿ, ಹೊಟ್ಟೆಯುಬ್ಬರ ಬರುತ್ತದೆ.

'ಕಚ್ಚಾ' ಅನ್ನುವುದು ಯಾಕೆ ಅಂತೀರಾ? ಪ್ರಯೋಗಶಾಲೆಯವರು ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಯೂರಿಯಾದ ಸಾರಜನಕವೂ ಈ ಲೆಕ್ಕದಲ್ಲಿ ಸೇರಿಬಿಡುತ್ತದೆ. ಆದ್ದರಿಂದ ಮೂಟೆಯ ಆಹಾರದಲ್ಲಿ ಈ ಅಂಕಿಯೊಂದನ್ನೇ ನಂಬಿ ಮೋಸಹೋಗಬೇಡಿ.

ಮೂರನೆಯದು ನಾರು. ಎನ್.ಡಿ.ಎಫ್., ಎ.ಡಿ.ಎಫ್. ಎಂದು ಎರಡು ಅಂಕಿಗಳಿರುತ್ತವೆ. ಮೊದಲನೆಯದು ಹೆಚ್ಚಿದಷ್ಟೂ ಹೊಟ್ಟೆ ಬೇಗ ತುಂಬಿ ದನ ತಿನ್ನುವುದು ಕಡಿಮೆ. ಎರಡನೆಯದು ಹೆಚ್ಚಿದಷ್ಟೂ ತಿಂದದ್ದು ಅರಗುವುದು ಕಡಿಮೆ. ಮೇವು ಬಲಿತಂತೆ ಎರಡೂ ಏರುತ್ತವೆ, ಪ್ರೋಟೀನು ಇಳಿಯುತ್ತದೆ. ಅಲಸಂದೆಯನ್ನು ಹೂವಿನ ಹೊತ್ತಿಗೆ ಕೊಯ್ಯಿರಿ ಎನ್ನುವುದು ಇದಕ್ಕೇ.

ನಾಲ್ಕನೆಯದು ಬೂದಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೂದಿಯೂ ಸಹಜವಾಗಿ ಹೆಚ್ಚು. ಬೇರೆ ಮೇವಿನಲ್ಲಿ ಅತಿಯಾಗಿದ್ದರೆ ಮಣ್ಣು ಬೆರೆತಿರಬಹುದು.

ವರದಿ ಸರಿಯಾಗಬೇಕಾದರೆ ಮಾದರಿಯೂ ಸರಿಯಾಗಿರಬೇಕು. ಬಣವೆಯ ಮೇಲಿನ ಒಂದು ಹಿಡಿ ತೆಗೆದರೆ ಸಾಲದು. ಹತ್ತು ಹದಿನೈದು ಕಡೆ ಒಳಗಿನಿಂದ ಎಳೆದು, ಕತ್ತರಿಸಿ, ಬೆರೆಸಿ ಅರ್ಧ ಕಿಲೋ ಚೀಲಕ್ಕೆ ತುಂಬಿ. ಹಸಿ ಮೇವಾದರೆ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಂದೇ ಕಳಿಸಿ. ಎಲ್ಲಿಗೆ ಕಳಿಸಬೇಕೆಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಬೂಷ್ಟಿನ ವಿಷ ಈ ನಾಲ್ಕು ಸಾಲಿನಲ್ಲಿ ಕಾಣುವುದಿಲ್ಲ. ಅಂಕಿ ಎಷ್ಟೇ ಚೆನ್ನಾಗಿದ್ದರೂ ಮುಗ್ಗಲು ವಾಸನೆಯ ಮೇವನ್ನು ಗೋದಲಿಗೆ ಹಾಕಬೇಡಿ. ಮೂಗೂ ಇರಲಿ, ವರದಿಯೂ ಇರಲಿ.