ಕವಚಕ್ಕೆ ಮದ್ದರೆದ ಪುಟ್ಟ ತೋಟಾ

ಮಲೆನಾಡು, ಕೊಡಗಿನ ಕಡೆ ಹಳಬರು ಕೋವಿಗಳಲ್ಲಿ ಎರಡು ಬಗೆ ಹೇಳುವುದುಂಟು. ಒಂದು ಕೇಪಿನ ಕೋವಿ, ಇನ್ನೊಂದು ತೋಟಾ ಕೋವಿ. ಮೊದಲನೆಯದಕ್ಕೆ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯಬೇಕು. ಎರಡನೆಯದಕ್ಕೆ ಆ ತಾಪತ್ರಯವಿಲ್ಲ. ಮದ್ದು, ಅದನ್ನು ಹೊತ್ತಿಸುವ ಕೇಪು, ಹಾರಿಹೋಗುವ ಗುಂಡು ಎಲ್ಲವೂ ಒಂದೇ ಕೊಳವೆಯಲ್ಲಿ ಅಡಕವಾಗಿರುತ್ತವೆ. ಅದೇ ತೋಟಾ. ಬಂದೂಕಿನ ಚರಿತ್ರೆಯಲ್ಲಿ ಅರ್ಧ ಪಾಲು ಈ ತೋಟಾದ ಚರಿತ್ರೆಯೇ. ಅದರ ಇತ್ತೀಚಿನ ಅಧ್ಯಾಯಗಳಲ್ಲಿ ಒಂದು, ಬೆಲ್ಜಿಯಂನ 5.7×28 ಮಿ.ಮೀ. ತೋಟಾದ ಕಥೆ.

ಬೆಲ್ಜಿಯಂನ ಲಿಯೇಜ್ ಪ್ರಾಂತ್ಯ ಶತಮಾನಗಳಿಂದ ಬಂದೂಕು ತಯಾರಿಕೆಗೆ ಹೆಸರಾದದ್ದು. ಲಿಯೇಜ್ ಪಕ್ಕದ ಹೆರ್ಸ್ಟಾಲ್‌ನಲ್ಲಿ 1889ರಲ್ಲಿ ಎಫ್‌ಎನ್ ಕಾರ್ಖಾನೆ ಸ್ಥಾಪನೆಯಾಯಿತು. ನಮಗೂ ಈ ಹೆಸರು ತೀರ ಅಪರಿಚಿತವಲ್ಲ. ಭಾರತದ ಸೈನಿಕರು, ಪೊಲೀಸರು ದಶಕಗಳ ಕಾಲ ಹೆಗಲಿಗೇರಿಸಿದ ಎಸ್‌ಎಲ್‌ಆರ್ ರೈಫಲ್‌ಗೆ ಮೂಲ ಮಾದರಿ ಇದೇ ಕಾರ್ಖಾನೆಯ ಎಫ್‌ಎಎಲ್.

ಹೊಸ ತೋಟಾದ ಅಗತ್ಯ ಹುಟ್ಟಿದ್ದು ವಿಚಿತ್ರ ಸಮಸ್ಯೆಯೊಂದರಿಂದ. ಸೇನೆಯಲ್ಲಿ ಎಲ್ಲರೂ ಮುಂಚೂಣಿಯಲ್ಲಿ ಕಾದಾಡುವುದಿಲ್ಲ. ಲಾರಿ ಓಡಿಸುವವರು, ಅಡುಗೆಯವರು, ರೇಡಿಯೊ ನೋಡಿಕೊಳ್ಳುವವರು, ಫಿರಂಗಿದಳದವರು ಇರುತ್ತಾರೆ. ಇವರಿಗೆ ಉದ್ದನೆಯ ರೈಫಲ್ ಹೊರೆ. ಹೀಗಾಗಿ ಇಂಥವರಲ್ಲಿ ಅನೇಕರಿಗೆ ಪಿಸ್ತೂಲು ಅಥವಾ ಸಬ್‌ಮಶೀನ್‌ಗನ್ನೇ ಗತಿಯಾಗಿತ್ತು. ಎರಡಕ್ಕೂ ಬಳಸುತ್ತಿದ್ದುದು 9 ಮಿ.ಮೀ. ಪ್ಯಾರಾಬೆಲಮ್ ತೋಟಾ. ಅದು ಆಸ್ಟ್ರಿಯಾ ಮೂಲದ ಜಾರ್ಜ್ ಲೂಗರ್ 1902ರ ಸುಮಾರಿಗೆ ರೂಪಿಸಿದ್ದು.

ಲೂಗರ್ ಕಾಲದಲ್ಲಿ ಸೈನಿಕನ ಮೈಮೇಲೆ ಇದ್ದದ್ದು ಬಟ್ಟೆ ಮಾತ್ರ. 1965ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಕೆವ್ಲಾರ್ ನಾರಿಗೆ ದಾರಿ ಮಾಡಿದ ಮೇಲೆ ಲೆಕ್ಕಾಚಾರ ಬದಲಾಯಿತು. ಸೋವಿಯತ್ ಸೈನಿಕರು ಟೈಟಾನಿಯಂ ತಗಡಿನ ಕವಚ ತೊಡತೊಡಗಿದರು. ಅಂಥವರು ಹಿಂಬದಿಗೆ ನುಗ್ಗಿದರೆ ಪಿಸ್ತೂಲು ಹಿಡಿದ ಅಡುಗೆಯವನ ಪಾಡೇನು? ನ್ಯಾಟೊ ಈ ಪ್ರಶ್ನೆಗೆ ಉತ್ತರ ಬಯಸಿತು. ಅದು ಇಟ್ಟ ಪರೀಕ್ಷಾ ಗುರಿ 1.6 ಮಿ.ಮೀ. ಟೈಟಾನಿಯಂ ತಗಡು ಮತ್ತು ಅದರ ಹಿಂದೆ 20 ಪದರ ಕೆವ್ಲಾರ್.

ಗೋಣಿಚೀಲಕ್ಕೆ ಬೆರಳು ಒತ್ತಿದರೆ ತೂರುವುದಿಲ್ಲ, ದಬ್ಬಣ ತೂರುತ್ತದೆ. ಹೆರ್ಸ್ಟಾಲ್‌ನ ಎಂಜಿನಿಯರುಗಳು ಹಿಡಿದದ್ದು ಇದೇ ದಾರಿ. 9 ಮಿ.ಮೀ. ಗುಂಡಿನ ತೂಕ ಸುಮಾರು 8 ಗ್ರಾಂ. ಎಸ್‌ಎಸ್ 190 ಎಂಬ ಹೊಸ ಗುಂಡಿನದು ಕೇವಲ 2 ಗ್ರಾಂ. ಆದರೆ ವೇಗ ಸೆಕೆಂಡಿಗೆ ಸುಮಾರು 715 ಮೀಟರ್, ಅಂದರೆ ಶಬ್ದದ ಎರಡು ಪಟ್ಟು. ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಆದರೆ ಹೊಸ ಗುಂಡಿನ ಶಕ್ತಿ ಎರಡೂವರೆ ಪಟ್ಟು ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಜೊತೆಗೆ ಮೂತಿಯೊಳಗೆ ಉಕ್ಕಿನ ಮೊನೆ ಬೇರೆ. ಗುಂಡು ಹಗುರವಾದ್ದರಿಂದ ಒದೆತವೂ ಕಡಿಮೆ. ಹೆಚ್ಚು ಅಭ್ಯಾಸವಿಲ್ಲದವನೂ ಗುರಿ ತಪ್ಪದಂತೆ ಹಾರಿಸಬಲ್ಲ.

ಈ ತೋಟಾದೊಂದಿಗೇ ರೂಪುಗೊಂಡದ್ದು ಪಿ 90 ಎಂಬ ಅರ್ಧ ಮೀಟರ್ ಉದ್ದದ ಬಂದೂಕು. 1990ರಲ್ಲಿ ಹೊರಬಂತು. 50 ತೋಟಾಗಳ ಮ್ಯಾಗಜಿನ್ ಇದರ ನಳಿಗೆಯ ಮೇಲೆಯೇ ಉದ್ದಕ್ಕೆ ಮಲಗುತ್ತದೆ.

ಅಡುಗೆಯವನಿಗೆಂದು ಮಾಡಿದ್ದು ಕೊನೆಗೆ ಕಮಾಂಡೊಗಳ ಕೈ ಸೇರಿತು. 1997ರ ಏಪ್ರಿಲ್ 22ರಂದು ಪೆರುವಿನ ರಾಜಧಾನಿ ಲಿಮಾದಲ್ಲಿ ಜಪಾನ್ ರಾಯಭಾರಿಯ ನಿವಾಸಕ್ಕೆ ಸುರಂಗ ತೋಡಿ ನುಗ್ಗಿದ ಕಮಾಂಡೊಗಳು ಪಿ 90 ಬಳಸಿದ್ದರು. ನಾಲ್ಕು ತಿಂಗಳಿಂದ ಸೆರೆಯಲ್ಲಿದ್ದ 72 ಒತ್ತೆಯಾಳುಗಳಲ್ಲಿ 71 ಮಂದಿ ಬದುಕಿ ಬಂದರು. ಒಬ್ಬ ಒತ್ತೆಯಾಳು, ಇಬ್ಬರು ಕಮಾಂಡೊಗಳು ಹಾಗೂ ಎಲ್ಲ 14 ಬಂಡುಕೋರರು ಸತ್ತರು.

ಇತ್ತ ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿ 4.6×30 ಮಿ.ಮೀ. ತೋಟಾದೊಂದಿಗೆ ಪೈಪೋಟಿಗೆ ಇಳಿಯಿತು. ಯಾವುದನ್ನು ಮಾನ್ಯ ಮಾಡಬೇಕೆಂಬ ಜಗ್ಗಾಟ ವರ್ಷಗಟ್ಟಲೆ ನಡೆದು, 5.7 ತೋಟಾಕ್ಕೆ ನ್ಯಾಟೊ ಮುದ್ರೆ ಬಿದ್ದದ್ದು 2021ರಲ್ಲಿ. ಅಷ್ಟರಲ್ಲಿ ಅದು ಎದುರಿಸಬೇಕಿದ್ದ ಸೋವಿಯತ್ ಸೇನೆಯೇ ಇಲ್ಲವಾಗಿ 30 ವರ್ಷವಾಗಿತ್ತು!

ಕಥೆಯ ಕಹಿ ಇರುವುದು ಇನ್ನೊಂದು ಕಡೆ. ಇದೇ ತೋಟಾ ಹಾರಿಸುವ ಫೈವ್‌ಸೆವೆನ್ ಪಿಸ್ತೂಲು ಅಮೆರಿಕದ ಅಂಗಡಿಗಳಿಗೂ ಬಂತು. ಕವಚ ಭೇದಿಸುವ ಎಸ್‌ಎಸ್ 190 ಅನ್ನು ಸೇನೆ, ಪೊಲೀಸರಿಗೆ ಮಾತ್ರ ಮೀಸಲಿಟ್ಟು, ಜನರಿಗೆ ಬೇರೆ ಗುಂಡು ಮಾರಲಾಗುತ್ತದೆ ನಿಜ. ಆದರೂ 2009ರ ನವೆಂಬರ್ 5ರಂದು ಟೆಕ್ಸಾಸ್‌ನ ಫೋರ್ಟ್ ಹುಡ್ ಸೇನಾನೆಲೆಯಲ್ಲಿ 13 ಜನರನ್ನು ಬಲಿತೆಗೆದುಕೊಂಡದ್ದು ಇದೇ ಪಿಸ್ತೂಲು. ಮಾದಕವಸ್ತು ದಂಧೆಯವರ ಕೈಗೆ ಅದು ಕಳ್ಳಸಾಗಣೆಯಾಗುವ ಮೆಕ್ಸಿಕೊದಲ್ಲಿ ಜನ ಅದಕ್ಕೆ ಇಟ್ಟ ಅಡ್ಡಹೆಸರು 'ಮಾತಾ ಪೊಲಿಸಿಯಾಸ್', ಅಂದರೆ ಪೊಲೀಸರನ್ನು ಕೊಲ್ಲುವಂಥದು.

ಕವಚ ತೊಟ್ಟ ಶತ್ರುವಿನಿಂದ ನಮ್ಮವನನ್ನು ಕಾಪಾಡಲೆಂದು ಮಾಡಿದ ಗುಂಡು, ಕವಚವನ್ನೇ ನಂಬಿ ಬೀದಿ ಕಾಯುವ ಪೊಲೀಸನಿಗೆ ಎದುರಾಗಿ ನಿಂತದ್ದು ಹೀಗೆ. ಸಾಮಾನ್ಯ ಪೊಲೀಸ್ ಕವಚ ತಡೆಯುವುದು ಪಿಸ್ತೂಲಿನ ಮಾಮೂಲಿ ಗುಂಡನ್ನು. ಎಸ್‌ಎಸ್ 190 ಅದರ ಲೆಕ್ಕಕ್ಕೆ ಮೀರಿದ್ದು.

ಭಾರತವೂ ಈ ಹಾದಿಯಲ್ಲಿದೆ. ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ 5.56×30 ಮಿ.ಮೀ. ತೋಟಾದ ರಕ್ಷಣಾ ಕಾರ್ಬೈನ್ 2020ರ ಡಿಸೆಂಬರ್‌ನಲ್ಲಿ ಸೇನೆಯ ಅಂತಿಮ ಪರೀಕ್ಷೆ ದಾಟಿತು. ಇಂಥ ತೋಟಾ ತಯಾರಿಸುವುದು ಎಂಜಿನಿಯರುಗಳ ಕೆಲಸ. ಅದು ಯಾರ ಕೈಗೆ ಹೋಗಬೇಕು, ಯಾರ ಕೈಗೆ ಹೋಗಬಾರದು ಎಂದು ಕಾಯುವುದು ಸರ್ಕಾರದ ಕೆಲಸ. ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತರೆ ಆಗುವುದೇನು ಎಂಬುದಕ್ಕೆ ಮೆಕ್ಸಿಕೊದ ಆ ಅಡ್ಡಹೆಸರೇ ಸಾಕ್ಷಿ.