ಸೆಲೆನಿಯಂ: ಎಷ್ಟಿದೆ, ಯಾವ ರೂಪದಲ್ಲಿದೆ?

ಸಾರಜನಕದ ವಿಷಯ ಬೆಳೆಗಾರ ಬಂಧುಗಳಿಗೆ ಹೊಸದಲ್ಲ. ಯೂರಿಯಾದಲ್ಲಿರುವುದೂ ಸಾರಜನಕ, ಅಮೋನಿಯಂ ಸಲ್ಫೇಟಿನಲ್ಲಿರುವುದೂ ಸಾರಜನಕ. ಆದರೆ ಅವು ಮಣ್ಣಿನಲ್ಲಿ ವರ್ತಿಸುವ ರೀತಿ ಬೇರೆ ಬೇರೆ. ಸೆಲೆನಿಯಂ ಎಂಬ ಮೂಲವಸ್ತುವಿನ ಸಂಗತಿಯೂ ಹೀಗೆಯೇ.

ಬೈರಮಂಗಲ ಕೆರೆಗೆ ವೃಷಭಾವತಿ ನದಿಯು ಬೆಂಗಳೂರಿನ ಚರಂಡಿ ನೀರನ್ನೂ ಕಾರ್ಖಾನೆಗಳ ನೀರನ್ನೂ ತರುತ್ತದೆ. ಆದ್ದರಿಂದ ಈ ಅಚ್ಚುಕಟ್ಟಿನ ರೈತರು ನೀರು, ಮಣ್ಣು, ಮೇವುಗಳನ್ನು ಪರೀಕ್ಷೆ ಮಾಡಿಸುವುದು ಅಗತ್ಯ. ವರದಿಯಲ್ಲಿ ಸಾಮಾನ್ಯವಾಗಿ ಒಟ್ಟು ಪ್ರಮಾಣ ಮಾತ್ರ ಇರುತ್ತದೆ. ಅದನ್ನು ಓದುವ ಬಗೆ ತಿಳಿದಿರಬೇಕು. ಸೆಲೆನಿಯಂ ಇದಕ್ಕೆ ಒಳ್ಳೆಯ ಉದಾಹರಣೆ.

ಸೆಲೆನಿಯಂ ದೇಹಕ್ಕೆ ಬೇಕಾದ ವಸ್ತು. ವಯಸ್ಕರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹೆಚ್ಚಾದರೆ ಕೂದಲು ಉದುರುತ್ತದೆ, ಉಗುರು ಕೆಡುತ್ತದೆ. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಮಣ್ಣಿನ ಸೆಲೆನಿಯಂ ಮೇವಿಗೆ ಸೇರಿ, ದನಗಳ ಗೊರಸು ಕಳಚಿದ್ದುಂಟು. 2008ರಲ್ಲಿ ಅಮೆರಿಕದಲ್ಲಿ 200 ಮೈಕ್ರೋಗ್ರಾಂ ಎಂದು ಚೀಟಿ ಅಂಟಿಸಿದ್ದ ಒಂದು ಪೂರಕ ದ್ರವದಲ್ಲಿ ವಾಸ್ತವವಾಗಿ 40,800 ಮೈಕ್ರೋಗ್ರಾಂ ಇದ್ದು, 201 ಜನ ಅಸ್ವಸ್ಥರಾದರು.

ಮಣ್ಣು ನೀರುಗಳಲ್ಲಿ ಇದು ಹೆಚ್ಚಾಗಿ ಸೆಲೆನೈಟ್, ಸೆಲೆನೇಟ್ ಎಂಬ ಲವಣಗಳಾಗಿರುತ್ತದೆ. ಗಿಡವು ಸೆಲೆನೇಟನ್ನು ಗಂಧಕದ ದಾರಿಯಲ್ಲೇ ಹೀರಿಕೊಂಡು, ಸೆಲೆನೋಮೆಥಿಯೊನಿನ್ ಎಂಬ ರೂಪಕ್ಕೆ ತಿರುಗಿಸಿ ಕಾಳಿನ ಪ್ರೋಟೀನಿನಲ್ಲಿ ಸೇರಿಸುತ್ತದೆ. ಈ ರೂಪ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ, ಸ್ನಾಯುಗಳಲ್ಲಿ ಶೇಖರವೂ ಆಗುತ್ತದೆ. ಸೆಲೆನೈಟ್ ಹಾಗೆ ಶೇಖರವಾಗದು. ಆದರೆ ಒಂದೇ ಸಲ ಹೆಚ್ಚು ಸೇರಿದರೆ ತೀವ್ರ ವಿಷ.

ಇವನ್ನು ಅಳೆಯುವುದು ಹೇಗೆ? ಒಟ್ಟು ಪ್ರಮಾಣಕ್ಕಾಗಿ ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ಪೂರ್ತಿ ಕರಗಿಸುತ್ತಾರೆ. ಇದು ರಾಗಿ, ಅಕ್ಕಿ, ಹುರುಳಿಗಳನ್ನು ಒಟ್ಟಿಗೆ ಬೀಸಿ ಹಿಟ್ಟು ತೂಗಿದಂತೆ. ಯಾವ ಕಾಳು ಎಷ್ಟಿತ್ತೆಂದು ತಿಳಿಯದು. ರೂಪಗಳನ್ನು ತಿಳಿಯಲು ಆಮ್ಲದ ಬದಲು, ಪ್ರೋಟೀನನ್ನು ಬಿಡಿಸುವ ಕಿಣ್ವ ಬೆರೆಸಿ ಹದವಾಗಿ ಬೆಚ್ಚಗಿಡುತ್ತಾರೆ. ಹೊರಬಂದ ರಸವನ್ನು ಕ್ರೊಮಟೋಗ್ರಫಿ ಕೊಳವೆಯಲ್ಲಿ ಹಾಯಿಸಿದಾಗ ಒಂದೊಂದು ರೂಪ ತನ್ನ ಹೊತ್ತಿಗೆ ಹೊರಬರುತ್ತದೆ. ಹಾಗೆ ಬಂದುದನ್ನು ದ್ರವ್ಯರಾಶಿ ಮಾಪಕವು ಎಣಿಸುತ್ತದೆ. ಕೊನೆಗೆ ಎಲ್ಲ ರೂಪಗಳ ಮೊತ್ತವನ್ನು ಒಟ್ಟು ಪ್ರಮಾಣದೊಡನೆ ಹೋಲಿಸಬೇಕು. ಮೊತ್ತ ಬಹಳ ಕಡಿಮೆ ಬಂದರೆ ಎಲ್ಲವೂ ಹೊರಬಂದಿಲ್ಲ, ಅಥವಾ ನಡುವೆ ನಷ್ಟವಾಗಿದೆ ಎಂದರ್ಥ.

ಸದಸ್ಯರು ಗಮನಿಸಬೇಕಾದವು:

1. ಮಾತ್ರೆ ಅಥವಾ ದನದ ಖನಿಜ ಮಿಶ್ರಣದ ಚೀಟಿಯಲ್ಲಿರುವುದು ಲವಣದ ತೂಕವೋ, ಸೆಲೆನಿಯಂ ತೂಕವೋ ನೋಡಿ. 100 ಮಿಲಿಗ್ರಾಂ ಸೋಡಿಯಂ ಸೆಲೆನೈಟಿನಲ್ಲಿ ಸೆಲೆನಿಯಂ ಸುಮಾರು 46 ಮಿಲಿಗ್ರಾಂ ಮಾತ್ರ; 100 ಕಿಲೋ ಯೂರಿಯಾದಲ್ಲಿ ಸಾರಜನಕ 46 ಕಿಲೋ ಇರುವಂತೆ.

2. ದನಕ್ಕೆ ಒಂದು ಕಿಲೋ ಒಣ ಆಹಾರದಲ್ಲಿ 0.3 ಮಿಲಿಗ್ರಾಂ ಸಾಕು. 5 ಮಿಲಿಗ್ರಾಂ ಮೀರಿದರೆ ಅಪಾಯ. ಪಶುವೈದ್ಯರನ್ನು ಕೇಳದೆ ಎರಡೆರಡು ಮಿಶ್ರಣ ಕೊಡಬೇಡಿ.

3. ಕುಡಿಯುವ ನೀರಿನಲ್ಲಿ ಲೀಟರಿಗೆ 0.01, ನೀರಾವರಿಗೆ 0.02 ಮಿಲಿಗ್ರಾಂ ಮಿತಿ. ಒಟ್ಟು ಪ್ರಮಾಣವೇ ಇದರೊಳಗಿದ್ದರೆ ದುಬಾರಿಯಾದ ರೂಪಪರೀಕ್ಷೆ ಬೇಕಿಲ್ಲ. ಮೀರಿದ್ದರೆ ಕೇಳಿ ಮಾಡಿಸಿ.

4. ರೂಪಪರೀಕ್ಷೆ ಬೇಕೆಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ. ನೀರನ್ನು ತಂಪಾಗಿಟ್ಟು ಬೇಗ ತಲುಪಿಸಿ. ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ಒಂದು ರೂಪ ಇನ್ನೊಂದಾಗಬಹುದು.

ಕಾರ್ಖಾನೆ ನೀರಿನಲ್ಲಿ ಬರುವ ಕ್ರೋಮಿಯಂಗೂ ಇದೇ ಮಾತು. ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಯದಕ್ಕಿಂತ ಬಹಳ ಹೆಚ್ಚು ವಿಷಕಾರಿ. ಆದ್ದರಿಂದ ವರದಿ ಕೈಗೆ ಬಂದಾಗ "ಎಷ್ಟು" ಎಂದು ನೋಡಿದ ಮೇಲೆ "ಯಾವ ರೂಪ" ಎಂದೂ ಕೇಳುವುದು ಒಳ್ಳೆಯದು.