ಪಂಪಿಲ್ಲದ ಜಲಕೃಷಿ: ಒಂದು ಬಕೆಟ್ಟಿನಿಂದ ಆರಂಭಿಸುವ ಕ್ರಮ

ಶಾಲೆ ಹಾಗೂ ಅಂಗನವಾಡಿಗಳ ಕೈತೋಟಕ್ಕೆ ತಕ್ಕ ಸ್ಥಳವಾಗಲಿ, ಮಣ್ಣಾಗಲಿ ದೊರೆಯದ ಗ್ರಾಮಗಳಲ್ಲಿ ಜಲಕೃಷಿ, ಅಂದರೆ ಹೈಡ್ರೋಪೋನಿಕ್ಸ್ ಘಟಕ ಸ್ಥಾಪಿಸಬೇಕೆಂಬ ಪ್ರಸ್ತಾವನೆಗಳು ಪಂಚಾಯಿತಿ ಸಭೆಯ ಮುಂದೆ ಬರುವುದುಂಟು. ಅವುಗಳೊಂದಿಗೆ ಲಗತ್ತಾಗಿರುವುದು ಸಾಮಾನ್ಯವಾಗಿ ಬಿಳಿ ಪೈಪುಗಳ ಸಾಲು, ಪಂಪು ಹಾಗೂ ಟೈಮರ್ ಒಳಗೊಂಡ ಘಟಕದ ದರಪಟ್ಟಿ. ಪೈಪಿನೊಳಗೆ ತೆಳುವಾಗಿ ನೀರು ಹರಿಸುವ ಈ ವಿಧಾನದಲ್ಲಿ ವಿದ್ಯುತ್ ಕಡಿತವಾದರೆ ಬೇಸಿಗೆಯ ಮಧ್ಯಾಹ್ನ ಕೆಲವೇ ಗಂಟೆಗಳಲ್ಲಿ ಬೇರುಗಳು ಒಣಗುತ್ತವೆ. ಆದ್ದರಿಂದ ಇಂತಹ ಘಟಕಕ್ಕೆ ಹಣ ಮಂಜೂರು ಮಾಡುವ ಮುನ್ನ, ಪಂಪೇ ಇಲ್ಲದ ಬಕೆಟ್ ವಿಧಾನವನ್ನು ಒಂದು ಋತುವಿನ ಮಟ್ಟಿಗೆ ಪರೀಕ್ಷಿಸಿ ನೋಡುವುದು ಯುಕ್ತ.

ಮಣ್ಣಿಲ್ಲದ ಕೃಷಿಯನ್ನು ಅಗ್ಗದಲ್ಲಿ ಮಾಡುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1946ರಲ್ಲಿಯೇ ಜೆ. ಶೋಲ್ಟೊ ಡಗ್ಲಸ್ ಅವರು ಬಂಗಾಳದ ಕಾಲಿಂಪಾಂಗ್ ಪ್ರದೇಶದಲ್ಲಿ ಜಲ್ಲಿ ತುಂಬಿದ ತೊಟ್ಟಿಗಳಲ್ಲಿ ಪ್ರಯೋಗ ನಡೆಸಿ, ಸಾಮಾನ್ಯರಿಗೂ ಎಟುಕುವ ಪದ್ಧತಿಯೊಂದನ್ನು ರೂಪಿಸಿದರು. ಇಲ್ಲಿ ವಿವರಿಸುವ ಬಕೆಟ್ ವಿಧಾನವು ಅದಕ್ಕಿಂತಲೂ ಸರಳವಾದುದು. ಹವಾಯಿ ವಿಶ್ವವಿದ್ಯಾಲಯದ ಬಿ. ಎ. ಕ್ರಾಟ್ಕಿ ಅವರ ಹೆಸರಿನಿಂದ ಇದು ಪ್ರಸಿದ್ಧವಾಗಿದೆ.

ಇದರ ತತ್ತ್ವ ಹೀಗಿದೆ. ಮುಚ್ಚಳವಿರುವ ಬಕೆಟ್ಟಿನಲ್ಲಿ ಪೋಷಕ ದ್ರಾವಣ ತುಂಬಿ, ಮುಚ್ಚಳದ ರಂಧ್ರಗಳಿಂದ ಸಸಿಯ ಲೋಟಗಳನ್ನು ಇಳಿಬಿಡಬೇಕು. ಲೋಟದ ತಳಭಾಗವು ಒಂದೆರಡು ಸೆಂಟಿಮೀಟರ್‌ ಮಾತ್ರ ದ್ರಾವಣದಲ್ಲಿ ಮುಳುಗಿರಬೇಕು. ಸಸಿ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ. ತೆರವಾದ ಜಾಗದ ತೇವದ ಗಾಳಿಯಲ್ಲಿ ಮೇಲಿನ ಬೇರುಗಳು ಉಸಿರಾಡುತ್ತವೆ, ಕೆಳಗಿನವು ಆಹಾರ ಹೀರುತ್ತವೆ. ಮಟ್ಟ ಇಳಿಯಿತೆಂದು ಪುನಃ ಅಂಚಿನವರೆಗೆ ತುಂಬಿಸಿದರೆ ಉಸಿರಾಡುವ ಬೇರುಗಳು ಮುಳುಗಿ ಸಸಿ ಸಾಯುತ್ತದೆ. ದಿನವೂ ನೀರು ಹಾಕಿ ಅಭ್ಯಾಸವಿರುವವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಅನಿವಾರ್ಯವಾದಲ್ಲಿ ಬಕೆಟ್ಟಿನ ಅರ್ಧಮಟ್ಟದವರೆಗೆ ಮಾತ್ರ ತುಂಬಿಸತಕ್ಕದ್ದು.

20 ಲೀಟರಿನ ಬಕೆಟ್ ಸಾಕು. ಅಡುಗೆ ಎಣ್ಣೆ ಮುಂತಾದ ಆಹಾರ ಪದಾರ್ಥ ತುಂಬಿದ್ದಾದರೆ ಉತ್ತಮ; ಕೀಟನಾಶಕದ ಡಬ್ಬಿಯನ್ನು ಎಷ್ಟೇ ತೊಳೆದರೂ ಬಳಸಲಾಗದು. ಒಳಗೆ ಬೆಳಕು ಹೋದರೆ ಪಾಚಿ ಕಟ್ಟುವುದರಿಂದ ಹೊರಮೈಗೆ ಕಪ್ಪು ಬಣ್ಣ, ಅದರ ಮೇಲೆ ಬಿಸಿಲು ತಡೆಯಲು ಬಿಳಿ ಬಣ್ಣ ಬಳಿಯಬೇಕು. ಮುಚ್ಚಳದಲ್ಲಿ ಮೂರು ಲೋಟಗಳಿಗೆ ರಂಧ್ರ ಕೊರೆದು, ಪ್ಲಾಸ್ಟಿಕ್ ಲೋಟಗಳ ತಳ ಹಾಗೂ ಬದಿಗೆ ಕಾಯಿಸಿದ ಮೊಳೆಯಿಂದ ತೂತು ಮಾಡಿ, ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ಬಾರಿ ತೊಳೆದು ತುಂಬಬೇಕು. ಅದರಲ್ಲಿ ಪಾಲಕ್ ಅಥವಾ ದಂಟಿನ ಬೀಜ ಬಿತ್ತಿ, ಬೇರು ಹೊರಗೆ ಇಣುಕಿದ ಮೇಲೆ ಬಕೆಟ್ಟಿಗೆ ಇಳಿಸಬೇಕು. ಟೊಮ್ಯಾಟೊ ಹೆಚ್ಚು ನೀರು ಕೇಳುವ ಬೆಳೆ. ಮೊದಲ ಪ್ರಯತ್ನಕ್ಕೆ ಅದು ಬೇಡ.

ಗೊಬ್ಬರದಲ್ಲಿಯೇ ಅನೇಕರು ಎಡವುವುದು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 19:19:19 ಗೊಬ್ಬರದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಯೂರಿಯಾ ರೂಪದಲ್ಲಿದ್ದು, ಮಣ್ಣಿನ ಸೂಕ್ಷ್ಮಜೀವಿಗಳಿಲ್ಲದ ಬಕೆಟ್ಟಿನಲ್ಲಿ ಗಿಡಕ್ಕೆ ಸರಿಯಾಗಿ ಒದಗುವುದಿಲ್ಲ. ಜೊತೆಗೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಬದಲಾಗಿ ಎರಡು ಬಾಟಲಿಗಳಲ್ಲಿ ದ್ರಾವಣ ಸಿದ್ಧಪಡಿಸಬೇಕು. ಮೊದಲನೆಯದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ 150 ಗ್ರಾಂ. ಎರಡನೆಯದಕ್ಕೆ ಪೊಟ್ಯಾಸಿಯಂ ನೈಟ್ರೇಟ್ 70 ಗ್ರಾಂ, 0:52:34 ಗೊಬ್ಬರ 40 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 90 ಗ್ರಾಂ ಹಾಗೂ ಕಬ್ಬಿಣವುಳ್ಳ ಕೀಲೇಟೆಡ್ ಲಘುಪೋಷಕಾಂಶ ಮಿಶ್ರಣ 5 ಗ್ರಾಂ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಒಂದೊಂದು ಲೀಟರ್ ಆಗುವಷ್ಟು ನೀರು ಸೇರಿಸಬೇಕು. 18 ಲೀಟರ್ ನೀರಿರುವ ಬಕೆಟ್ಟಿಗೆ ಮೊದಲು ಒಂದರಿಂದ 100 ಮಿಲಿ ಹಾಕಿ ಕಲಕಿ, ಅನಂತರ ಇನ್ನೊಂದರಿಂದ 100 ಮಿಲಿ ಹಾಕಬೇಕು. ಸಾರೀಕೃತ ದ್ರಾವಣಗಳನ್ನು ನೇರವಾಗಿ ಬೆರೆಸಿದರೆ ಸುಣ್ಣದಂತಹ ಬಿಳಿ ಗಸಿ ಕುಳಿತು ಪೋಷಕಾಂಶ ವ್ಯರ್ಥವಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಕಿಲೋ ಕ್ಯಾಲ್ಸಿಯಂ ನೈಟ್ರೇಟ್ 60ಕ್ಕೂ ಹೆಚ್ಚು ಬಕೆಟ್ಟುಗಳಿಗೆ ಸಾಕಾಗುತ್ತದೆ. ಒಂದು ಮನೆ ಒಂಟಿಯಾಗಿ ಕೊಂಡರೆ ಅದು ತೇವ ಎಳೆದು ನೀರಾಗುವುದೇ ಹೆಚ್ಚು. ಸ್ವಸಹಾಯ ಸಂಘವು ಒಟ್ಟಾಗಿ ಕೊಂಡು ಬಾಟಲಿಗಳಲ್ಲಿ ಹಂಚಿಕೊಂಡರೆ ಖರ್ಚು ನಿಜಕ್ಕೂ ಕಡಿಮೆ. ಶಾಲೆಗಳಲ್ಲಿ ಈ ಲವಣಗಳನ್ನು ಮಕ್ಕಳ ಕೈಗೆ ಸಿಗದಂತೆ, ವಿಶೇಷವಾಗಿ ಪೊಟ್ಯಾಸಿಯಂ ನೈಟ್ರೇಟನ್ನು ಅಡುಗೆ ಒಲೆಯಿಂದ ದೂರದಲ್ಲಿ, ಬೀಗ ಹಾಕಿ ಇರಿಸತಕ್ಕದ್ದು.

ಫಲಿತಾಂಶವನ್ನು ಕೊನೆಗೆ ನಿರ್ಧರಿಸುವುದು ನೀರು. ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ಗಡಸು ನೀರು ದ್ರಾವಣದ ರಸಸಾರವನ್ನು ಮೇಲಕ್ಕೆ ಎಳೆಯುತ್ತದೆ. ಗಿಡಕ್ಕೆ ಬೇಕಾದುದು 5.5ರಿಂದ 6.5, ಅದಕ್ಕಿಂತ ಹೆಚ್ಚಾದರೆ ಕಬ್ಬಿಣಾಂಶ ಒದಗದೆ ಎಳೆಯ ಎಲೆಗಳು ಹಳದಿಯಾಗುತ್ತವೆ, ಗೊಬ್ಬರ ಹೆಚ್ಚಿಸಿದರೂ ಹಸಿರಾಗುವುದಿಲ್ಲ. ಚಾವಣಿಯಿಂದ ಸಂಗ್ರಹಿಸಿದ ಮಳೆನೀರು ಸರ್ವೋತ್ತಮ. ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಆಗಬಹುದು. ಆದರೆ ಆ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು, ಹೇಗೂ ವ್ಯರ್ಥವಾಗುತ್ತಿದೆಯೆಂಬ ಸದುದ್ದೇಶದಿಂದಲೂ, ಇದಕ್ಕೆ ಬಳಸಬಾರದು. ಕೊಳವೆ ಬಾವಿಯ ಲವಣಗಳೂ, ಫ್ಲೋರೈಡ್ ಇರುವೆಡೆ ಅದೂ, ಅಲ್ಲಿಯೇ ಸಾಂದ್ರಗೊಂಡಿರುತ್ತವೆ.

ಋತುವಿನ ಆಯ್ಕೆಯೂ ಮುಖ್ಯ. ದ್ರಾವಣದ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿ ಬೇರು ಕೊಳೆಯುತ್ತದೆ. ಕಲಬುರಗಿ, ರಾಯಚೂರು ಭಾಗಗಳಲ್ಲಿ ಏಪ್ರಿಲ್‌, ಮೇ ತಿಂಗಳುಗಳಲ್ಲಿ ಇದನ್ನು ಆರಂಭಿಸದಿರುವುದೇ ಲೇಸು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲಕರ.

ಒಂದು ಬಕೆಟ್ಟು ಕುಟುಂಬವನ್ನು ಸಲಹುವುದಿಲ್ಲ. ಆಗಾಗ ಒಂದು ಹೊತ್ತಿನ ಪಲ್ಯಕ್ಕೆ ಸೊಪ್ಪು ಕೊಟ್ಟೀತು. ಇದನ್ನು ಆದಾಯದ ಯೋಜನೆಯೆಂದು ಸಂಘಗಳಿಗೆ ಪರಿಚಯಿಸುವುದು ಸರಿಯಲ್ಲ. ಮಲೆನಾಡಿನಂತೆ ಮಣ್ಣು, ನೀರು ಎರಡೂ ಚೆನ್ನಾಗಿರುವಲ್ಲಿ ಸಾಧಾರಣ ಕೈತೋಟವೇ ಮೇಲು.

ನಿಂತ ನೀರಾದ್ದರಿಂದ ಡೆಂಗಿ ಹರಡುವ ಸೊಳ್ಳೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಮುಚ್ಚಳ ಬಿಗಿಯಾಗಿರಬೇಕು, ಲೋಟದ ಸುತ್ತಲಿನ ಸಂದನ್ನು ನಾರಿನಿಂದ ಮುಚ್ಚಬೇಕು, ವಾರಕ್ಕೊಮ್ಮೆ ತೆರೆದು ನೋಡಬೇಕು. ಆಶಾ ಕಾರ್ಯಕರ್ತೆಯರ ಲಾರ್ವಾ ಸಮೀಕ್ಷೆಯಲ್ಲಿ ಈ ಬಕೆಟ್ಟುಗಳನ್ನೂ ಸೇರಿಸುವಂತೆ ಸದಸ್ಯರು ತಿಳಿಸಬಹುದು. ಕೊಯ್ಲಿನ ಬಳಿಕ ಉಳಿದ ದ್ರಾವಣವನ್ನು ಬಾವಿ ಅಥವಾ ಚರಂಡಿಯ ಬಳಿ ಚೆಲ್ಲದೆ, ನೀರು ಬೆರೆಸಿ ತೆಂಗು ಅಥವಾ ಕರಿಬೇವಿನ ಬುಡಕ್ಕೆ ಹಾಕತಕ್ಕದ್ದು.